ತಿರುಗುವ ಚಕ್ರ ಹಗುರಾಗುತ್ತದೆಯೇ?

ಬುಗುರಿ ಜೋರಾಗಿ ತಿರುಗುವವರೆಗೆ ಬೀಳುವುದಿಲ್ಲ. ಗೈರೋಸ್ಕೋಪ್ ಕೂಡ ಅಂಥದ್ದೇ ಒಂದು ಚಕ್ರ. ನೆಲವನ್ನಾಗಲಿ ಗಾಳಿಯನ್ನಾಗಲಿ ತಳ್ಳದೆ, ಇದರಿಂದಲೇ ವಾಹನ ಓಡಿಸಬಹುದೆಂದು ನಂಬಿದ ಹವ್ಯಾಸಿಗಳು ಹಲವರು.

ಅವರಲ್ಲಿ ಅಲೆಕ್ಸ್ ಜೋನ್ಸ್ ಒಬ್ಬರು. 1970ರ ದಶಕದಲ್ಲಿ ತಮ್ಮ ಯಂತ್ರವನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಪ್ರೊಫೆಸರ್ ಎರಿಕ್ ಲೈತ್‌ವೇಟ್ ಅವರಿಗೆ ತೋರಿಸಿದರು. ಲೈತ್‌ವೇಟ್ ಸಾಮಾನ್ಯರಲ್ಲ. ಹಳಿ ಮುಟ್ಟದೆ ಓಡುವ ಮ್ಯಾಗ್ಲೆವ್ ರೈಲಿನ ಮೋಟರಿಗಾಗಿ ದುಡಿದು ಹೆಸರಾದವರು. ಅವರೂ ಬೆರಗಾದರು.

1974ರಲ್ಲಿ ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಉಪನ್ಯಾಸ ಕೊಟ್ಟು, ತಿರುಗುವ ಗೈರೋಸ್ಕೋಪ್ ಹಗುರಾಗುತ್ತದೆ ಎಂದರು. ನ್ಯೂಟನ್ನನ ನಿಯಮಕ್ಕೇ ಸವಾಲು! ವಿಜ್ಞಾನಿಗಳು ಸಿಟ್ಟಾದರು. ಸಂಸ್ಥೆ ಆ ಉಪನ್ಯಾಸವನ್ನು ಅಚ್ಚು ಹಾಕಲಿಲ್ಲ.

ನಿಜ ಏನು? ಕೋಲಿನ ತುದಿಗೆ ಭಾರದ ಚಕ್ರ ಸಿಕ್ಕಿಸಿ ಅಡ್ಡಲಾಗಿ ಹಿಡಿದರೆ ಮಣಿಕಟ್ಟು ತಿರುಚಿ ನೋಯುತ್ತದೆ. ಚಕ್ರ ಜೋರಾಗಿ ತಿರುಗುತ್ತಿದ್ದರೆ ಅದು ಕೆಳಗೆ ಬಾಗುವ ಬದಲು ಪಕ್ಕಕ್ಕೆ ಸುತ್ತುತ್ತದೆ. ತಿರುಚು ತಪ್ಪುವುದರಿಂದ ಕೈಗೆ ಹಗುರ ಅನ್ನಿಸುತ್ತದೆ. ತಕ್ಕಡಿಗೆ ಹಾಕಿದರೆ ತೂಕ ಅಷ್ಟೇ! ಮುಂದೆ ಲೈತ್‌ವೇಟ್ ಅವರೇ ಗೈರೋಸ್ಕೋಪ್ ನ್ಯೂಟನ್ನನ ನಿಯಮ ಮೀರುವುದಿಲ್ಲ ಎಂದು ಒಪ್ಪಿಕೊಂಡರು. ಆದರೂ 1997ರಲ್ಲಿ ತೀರಿಕೊಳ್ಳುವವರೆಗೆ ಆಸಕ್ತಿ ಬಿಡಲಿಲ್ಲ.

ಮೇಜಿನ ಮೇಲೆ ತೆವಳುವ ಇಂಥ ಯಂತ್ರಗಳನ್ನು ಮುಂದಕ್ಕೆ ಒಯ್ಯುವುದು ನೆಲದ ಘರ್ಷಣೆ. ಹಗ್ಗಕ್ಕೆ ತೂಗುಹಾಕಿ ನೋಡಿ: ಒಂದೇ ಕಡೆಗೆ ವಾಲಿ ನಿಲ್ಲದೆ, ಅಲ್ಲೇ ಹಿಂದೆ ಮುಂದೆ ತೂಗಾಡುತ್ತದೆ.

ಹವ್ಯಾಸಿಗಳ ಕುತೂಹಲ ತಪ್ಪಲ್ಲ, ಪ್ರೊಫೆಸರ್ ಅದನ್ನು ಕಿವಿಗೊಟ್ಟು ಕೇಳಿದ್ದೂ ತಪ್ಪಲ್ಲ. ಆದರೆ ದೊಡ್ಡ ಹೆಸರು ಪುರಾವೆಯಾಗದು. ‘ಇಂಧನವೇ ಬೇಡದ ಯಂತ್ರ’ದ ವಿಡಿಯೋ ನಿಮ್ಮ ಫೋನಿಗೆ ಬಂದರೆ, ದುಡ್ಡು ಕೊಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಅಳೆದು ನೋಡಿದವರು ಯಾರು?