ರೋಗಿಯನ್ನು ಕೇಳಿದವರು ಯಾರು?

ತಂಟೆ ಮಾಡುವ ಮಗುವಿಗೆ, ವಾದಕ್ಕಿಳಿದ ಗೆಳೆಯನಿಗೆ 'ನಿನ್ನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು' ಎನ್ನುವುದು ಬೆಂಗಳೂರಿಗರ ಹಳೆಯ ತಮಾಷೆ. ಅದಕ್ಕೂ ಹಿಂದಿನ ತಲೆಮಾರಿನವರು 'ಹುಚ್ಚಾಸ್ಪತ್ರೆ' ಎನ್ನುತ್ತಿದ್ದರು. ನಾವು ನಕ್ಕು ಮರೆಯುವ ಈ ಮಾತಿನ ಹಿಂದೆ ಸುಮಾರು 175 ವರ್ಷಗಳ ಇತಿಹಾಸವಿದೆ. ಒಂದೇ ಪ್ರಶ್ನೆಯನ್ನು ಹಿಡಿದು ಆ ಇತಿಹಾಸವನ್ನು ಓದಿ ನೋಡೋಣ. ಮನೋರೋಗವೆಂದರೇನು ಎಂದು ತಿಳಿಯಬೇಕಾದಾಗ ಯಾರ ಮಾತನ್ನು ಕೇಳಲಾಯಿತು?

ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು 1898ರ ಪ್ಲೇಗ್ ಮಾರಿಯ ದಿನಗಳಲ್ಲಿ ರೂಪುಗೊಂಡವು. ಚಾಮರಾಜಪೇಟೆ ಅವಕ್ಕಿಂತ ಕೆಲವೇ ವರ್ಷ ಹಿರಿಯದು. ಇವು ಯಾವುವೂ ಇಲ್ಲದ ಕಾಲದಲ್ಲಿ, 1840ರ ದಶಕದ ಕೊನೆಯ ಹೊತ್ತಿಗೆ, ಹಳೆಯ ಪೇಟೆಯ ಪ್ರದೇಶದಲ್ಲಿ ಡಾ. ಚಾರ್ಲ್ಸ್ ಅರ್ವಿಂಗ್ ಸ್ಮಿತ್ ಅವರ ನೇತೃತ್ವದಲ್ಲಿ ಮನೋರೋಗಿಗಳ ಆಶ್ರಯಾಲಯವೊಂದು ತೆರೆಯಿತು. 1925ರಲ್ಲಿ ಮೈಸೂರು ಸರ್ಕಾರವು ಅದನ್ನು 'ಮಾನಸಿಕ ಆಸ್ಪತ್ರೆ' ಎಂದು ಕರೆಯಿತು. 1930ರ ದಶಕದಲ್ಲಿ ಡಾ. ಫ್ರಾಂಕ್ ನೊರೊನ್ಹಾ ಮತ್ತು ಡಾ. ಎಂ.ವಿ. ಗೋವಿಂದಸ್ವಾಮಿ ಅವರ ಕಾಲದಲ್ಲಿ ಅದು ಹೊಸೂರು ರಸ್ತೆಯ ವಿಶಾಲ ಆವರಣಕ್ಕೆ ಬಂದಿತು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಆಸ್ಪತ್ರೆ ಮತ್ತು ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು.

ಹೆಸರು ಸೌಮ್ಯವಾಯಿತು, ಕಟ್ಟಡ ಹಿತವಾಯಿತು, 1950ರ ದಶಕದಲ್ಲಿ ಪರಿಣಾಮಕಾರಿಯಾದ ಔಷಧಗಳೂ ಬಂದವು. ಆದರೆ ರೋಗಿಯ ಕಥೆಯನ್ನು ಬರೆಯುವ ಲೇಖನಿ ಮಾತ್ರ ವೈದ್ಯರ ಕೈಯಲ್ಲೇ ಉಳಿಯಿತು. ರೋಗಿಯು ನೋಡಲ್ಪಡುವವನು, ಎಣಿಸಲ್ಪಡುವವನು.

ಇಲ್ಲಿ ನಮ್ಮ ದೇಶ ತನ್ನದೇ ಆದ ಒಂದು ಹೆಜ್ಜೆಯನ್ನಿಟ್ಟಿತು. ಪಾಶ್ಚಾತ್ಯ ಆಸ್ಪತ್ರೆಗಳು ಮನೆಯವರನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದ ಕಾಲದಲ್ಲಿ, 1950ರ ದಶಕದಲ್ಲಿ, ಅಮೃತಸರದ ಡಾ. ವಿದ್ಯಾಸಾಗರ್ ಅವರು ಆಸ್ಪತ್ರೆಯ ಅಂಗಳದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಬೆಂಗಳೂರಿನಲ್ಲಿಯೂ ಈ ಪದ್ಧತಿ ಬೇರೂರಿತು. ಅದರಿಂದ ಸಂಶೋಧನೆಯ ದಾರಿಯೂ ಬದಲಾಯಿತು. 1981ರಲ್ಲಿ ಬೆಂಗಳೂರಿನ ಸಂಶೋಧಕರಾದ ಪೈ ಮತ್ತು ಆರ್.ಎಲ್. ಕಪೂರ್ ಅವರು, ಮನೋರೋಗದಿಂದ ಕುಟುಂಬದ ಮೇಲೆ ಬೀಳುವ ಹೊರೆಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಹಣದ ನಷ್ಟ, ದಿನಚರಿಯ ಅಸ್ತವ್ಯಸ್ತ, ಬಿಡುವಿನ ಅಭಾವ, ಮನೆಮಂದಿಯ ಸಂಬಂಧಗಳ ಬಿರುಕು, ಇತರರ ದೇಹಾರೋಗ್ಯ, ಇತರರ ಮನಸ್ಸಿನ ಆರೋಗ್ಯ ಎಂಬ ಆರು ವಿಭಾಗಗಳು, 24 ಅಂಶಗಳು. ನಿದ್ದೆಗೆಟ್ಟ ತಾಯಿಯ, ಕೆಲಸ ಬಿಟ್ಟ ಅಣ್ಣನ ಸಂಕಟವೂ ವಿಜ್ಞಾನದ ಲೆಕ್ಕಕ್ಕೆ ಬಂದಿತು. ಇಂದಿಗೂ ಭಾರತದ ಸಂಶೋಧಕರು ಈ ಪ್ರಶ್ನಾವಳಿಯನ್ನು ಬಳಸುತ್ತಾರೆ. ದಾದಿಯರು ಮನೆಗೇ ಹೋಗಿ ನೀಡುವ ಆರೈಕೆಯನ್ನು ಆಸ್ಪತ್ರೆಯ ಚಿಕಿತ್ಸೆಯೊಡನೆ ಹೋಲಿಸಿದ ಅದೇ ಸಂಶೋಧಕರು, ಮನೆಯ ಆರೈಕೆಯಲ್ಲಿ ಕುಟುಂಬದ ಹೊರೆಯೂ ತಗ್ಗುವುದೆಂದು ಕಂಡರು.

ಇದು ಹೆಮ್ಮೆಯ ಸಂಗತಿ. ಆದರೂ ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಕುಟುಂಬದ ದನಿ ರೋಗಿಯ ದನಿಯೇ? ಹೊರರೋಗಿ ವಿಭಾಗದಲ್ಲಿ ನಿತ್ಯ ಕಾಣುವ ದೃಶ್ಯವನ್ನು ನೆನೆಯಿರಿ. ಮಗಳು ಕುರ್ಚಿಯಲ್ಲಿ ಕುಳಿತಿದ್ದಾಳೆ. ವೈದ್ಯರು ತಾಯಿಯನ್ನು ಕೇಳುತ್ತಾರೆ: 'ನಿದ್ದೆ ಮಾಡ್ತಾಳಾ? ಊಟ ಮಾಡ್ತಾಳಾ? ಮಾತ್ರೆ ತಗೋತಾಳಾ?' ತಾಯಿಗೆ ಬೇಕಾಗಿರುವುದು ಮಗಳು ಶಾಂತಳಾಗಿರುವುದು. ಮಗಳಿಗೆ ಬೇಕಾಗಿರುವುದು ಕೈ ನಡುಗದೆ, ತೂಕಡಿಸದೆ ಕೆಲಸಕ್ಕೆ ಹೋಗುವುದು. ಇಬ್ಬರ ಬಯಕೆಯೂ ನ್ಯಾಯವಾದದ್ದೇ, ಆದರೆ ಅವು ಒಂದೇ ಅಲ್ಲ. ಒಬ್ಬರನ್ನೇ ಕೇಳಿ ಬರೆದ ಸಂಶೋಧನೆ ಅರ್ಧ ಸತ್ಯವಾಗಿಯೇ ಉಳಿಯುತ್ತದೆ.

ಈ ಇನ್ನರ್ಧವನ್ನು ಮುಂದಿಟ್ಟವರು ರೋಗವನ್ನು ಸ್ವತಃ ಅನುಭವಿಸಿದವರು. ಅಮೆರಿಕದ ಕ್ಲಿಫರ್ಡ್ ಬಿಯರ್ಸ್ ಆಸ್ಪತ್ರೆಗಳಲ್ಲಿ ತಾನು ಕಂಡ ಕ್ರೌರ್ಯವನ್ನು 1908ರಲ್ಲಿ ಪುಸ್ತಕವಾಗಿ ಬರೆದು, ಸುಧಾರಣೆಯ ಚಳವಳಿಗೆ ನಾಂದಿ ಹಾಡಿದರು. ಬೆಂಗಳೂರಿನಲ್ಲಿಯೂ ಇದಕ್ಕೆ ನೆಲ ಹದವಾಗುತ್ತಿತ್ತು. ವೈದ್ಯರೂ ಧರ್ಮಸಭೆಯ ಸೇವಕರೂ ಕೂಡಿ 1964ರಲ್ಲಿ ಕಟ್ಟಿದ ಮೆಡಿಕೊ ಪಾಸ್ಟೊರಲ್ ಅಸೋಸಿಯೇಷನ್, 1986ರಲ್ಲಿ ಇಲ್ಲಿ ಆರಂಭವಾದ ರಿಚ್ಮಂಡ್ ಫೆಲೋಶಿಪ್ ಇಂಥ ಸಂಸ್ಥೆಗಳು ಆಸ್ಪತ್ರೆಗೂ ಮನೆಗೂ ನಡುವಣ ತಂಗುಮನೆಗಳನ್ನು ನಡೆಸಿದವು. ಅಡುಗೆ, ಕಸಗುಡಿಸುವುದು, ದಿನದ ನಿರ್ಧಾರ ಎಲ್ಲದರಲ್ಲೂ ನಿವಾಸಿಗಳಿಗೆ ಪಾಲು ಕೊಡುವುದು ಇಂಥ ಮನೆಗಳ ರೀತಿ. ಚಿಕಿತ್ಸೆಯನ್ನು ಪಡೆಯುವವನೂ ಅದರ ಕರ್ತೃವೆಂಬ ಅರಿವು ಅಲ್ಲಿ ಮೊಳೆಯಿತು.

ಕಾನೂನು ತಡವಾಗಿ ಬಂದರೂ ಸ್ಪಷ್ಟವಾಗಿ ಬಂದಿತು. 2018ರ ಮೇ ತಿಂಗಳಲ್ಲಿ ಜಾರಿಗೊಂಡ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು, ಮನೋರೋಗಿಗಳ ಮೇಲೆ ಯಾವುದೇ ಸಂಶೋಧನೆ ನಡೆಸುವ ಮುನ್ನ, ಅದು ಕೇವಲ ಸಂದರ್ಶನವಾಗಿದ್ದರೂ, ತಿಳಿದು ನೀಡಿದ ಮುಕ್ತ ಸಮ್ಮತಿಯನ್ನು ಪಡೆಯಬೇಕೆಂದು ವಿಧಿಸಿತು. ಕೇಂದ್ರ ಪ್ರಾಧಿಕಾರದಲ್ಲಿ ಮನೋರೋಗವನ್ನು ಅನುಭವಿಸಿದವರ ಪ್ರತಿನಿಧಿಗಳಿಗೆ ಪ್ರತ್ಯೇಕವಾಗಿ ಸ್ಥಾನವಿತ್ತಿತು. ಒಮ್ಮೆ ಎಣಿಸಲ್ಪಟ್ಟವರು ಈಗ ಮೇಜಿನ ಸುತ್ತ ಕುಳಿತಿದ್ದಾರೆ.

ಸಮ್ಮತಿಯ ಸಹಿ ಮೊದಲ ಮೆಟ್ಟಿಲು ಮಾತ್ರ. ಯಾವ ಪ್ರಶ್ನೆಯನ್ನು ಸಂಶೋಧಿಸಬೇಕು, ಯಾವುದನ್ನು ಗುಣವೆನ್ನಬೇಕು ಎಂಬುದನ್ನು ಆರಂಭದಲ್ಲಿಯೇ ಅನುಭವಸ್ಥರೊಡನೆ ಕುಳಿತು ತೀರ್ಮಾನಿಸುವುದು ನಿಜವಾದ ಪಾಲುಗಾರಿಕೆ. ಪ್ರಶ್ನಾವಳಿಯ ಕನ್ನಡವನ್ನು ತಿದ್ದಲೂ ಅವರೇ ಬೇಕು. 'ಖಿನ್ನತೆ'ಯೆಂದು ಕೇಳಿದರೆ ಇಲ್ಲವೆನ್ನುವವರು, 'ಬೇಜಾರು', 'ಮನಸ್ಸಿಗೆ ನೆಮ್ಮದಿ ಇಲ್ಲ' ಎಂದಾಗ ಕಣ್ತುಂಬಿಕೊಂಡು ಮಾತಾಡುತ್ತಾರೆ.

ಈ ಪಾಠ ಸಂಶೋಧಕರಿಗಷ್ಟೇ ಮೀಸಲಲ್ಲ. ನಮ್ಮ ನೆರೆಯಲ್ಲಿ, ಕೆಲವೊಮ್ಮೆ ನಮ್ಮ ಮನೆಯ ಒಳಕೋಣೆಯಲ್ಲಿಯೇ, ಯಾರೂ ನೇರವಾಗಿ ಮಾತಾಡಿಸದ ಒಬ್ಬರಿರುತ್ತಾರೆ. ಅವರ ಆರೋಗ್ಯವನ್ನು ಬೇರೆಯವರಲ್ಲಿ ವಿಚಾರಿಸುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಮುಂದಿನ ಸಲ ಅವರ ಪಕ್ಕದಲ್ಲಿಯೇ ಕುಳಿತು, 'ನಿಮಗೆ ಹೇಗನ್ನಿಸುತ್ತದೆ?' ಎಂದು ಕೇಳೋಣ. ಉತ್ತರ ಬರುವುದು ತಡವಾದರೂ ಕಾಯೋಣ.