ಉಪ್ಪಿನ ಕಂಟಲೆಯಿಂದ ಹಾಜರಿ ಪುಸ್ತಕಕ್ಕೆ: ಗಡಿಸೀಮೆಯ ಕೊರಚರ ಮಕ್ಕಳು

ಕನ್ನಡ–ತೆಲುಗು ಗಡಿಯ ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡಿಗರು ಕೊರಚರೆಂದೂ ತೆಲುಗರು ಎರುಕಲರೆಂದೂ ಕರೆಯುವ ಸಮುದಾಯದ ಒಂದು ಕವಲಿನವರು, ಎತ್ತಿನ ಬೆನ್ನ ಎರಡೂ ಬದಿಗೆ ಇಳಿಬೀಳುವ ಕಂಟಲೆ ಎಂಬ ಜೋಡಿ ಚೀಲದಲ್ಲಿ ಕರಾವಳಿಯ ಉಪ್ಪನ್ನು ಒಳನಾಡಿಗೂ ಒಳನಾಡಿನ ಕಾಳನ್ನು ಕರಾವಳಿಗೂ ಸಾಗಿಸುತ್ತಿದ್ದುದರಿಂದ ಉಪ್ಪುಕೊರಚರೆನಿಸಿಕೊಂಡಿದ್ದರು. ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಗಿ, 1871ರ ಹೊತ್ತಿಗೆ ಮದ್ರಾಸು–ಬೊಂಬಾಯಿ ರೈಲುದಾರಿ ಗುಂತಕಲ್ಲಿನ ಮೂಲಕ ಹಾದುಹೋದ ಮೇಲೆ ಈ ಹೇರಿನ ವ್ಯಾಪಾರ ಕುಸಿಯಿತು; 1882ರ ಮದ್ರಾಸು ಅರಣ್ಯ ಕಾಯ್ದೆ ಎತ್ತಿನ ಮೇವಿಗೂ ಬುಟ್ಟಿ ಹೆಣೆಯುವ ಬಿದಿರಿಗೂ ಅಡ್ಡಿಯಾಯಿತು. ಇವೆರಡರ ನಡುವೆ ಬಂದದ್ದು ಧಾತು–ಈಶ್ವರ ಸಂವತ್ಸರಗಳ, ಎಂದರೆ 1876–78ರ, ಭೀಕರ ಬರ. 1871ರಿಂದ 1881ರ ನಡುವೆ, ರಾಯದುರ್ಗ ಸೇರಿದ್ದ ಬಳ್ಳಾರಿ ಸೀಮೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಕುಗ್ಗಿತು.

ಹೀಗೆ ಕಸುಬು ಕಳೆದುಕೊಂಡ ಅಲೆಮಾರಿಗಳನ್ನು ಆಡಳಿತವು ಹುಟ್ಟಿನಿಂದಲೇ ಕಳ್ಳರೆಂದು ಬಗೆಯಿತು. ಉತ್ತರ ಭಾರತಕ್ಕೆಂದು 1871ರಲ್ಲಿ ಹುಟ್ಟಿದ ಅಪರಾಧಿ ಬುಡಕಟ್ಟುಗಳ ಕಾಯ್ದೆ, ಅಂದರೆ ಇಡೀ ಸಮುದಾಯವನ್ನೇ ಪಟ್ಟಿಗೆ ಸೇರಿಸಿ ಕಾವಲಿಡುವ ಕಾನೂನು, 1911ರಲ್ಲಿ ಹೊಸ ರೂಪ ತಳೆದು ಮದ್ರಾಸು ಪ್ರಾಂತ್ಯಕ್ಕೂ ಬಂದಿತು. ಪಟ್ಟಿಗೆ ಸೇರಿದವರು ಬೆರಳಚ್ಚು ಕೊಡಬೇಕಿತ್ತು, ಹೇಳಿದ ವೇಳೆಗೆ ಹಾಜರಿ ಹಾಕಬೇಕಿತ್ತು, ರಹದಾರಿಯಿಲ್ಲದೆ ಊರು ಬಿಟ್ಟು ಹೋಗುವಂತಿರಲಿಲ್ಲ. ಇವೆಲ್ಲಕ್ಕಿಂತ ಕ್ರೂರವಾದದ್ದು, ಹದಿನೆಂಟು ತುಂಬದ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ಸುಧಾರಣಾ ಶಾಲೆಗಳಲ್ಲಿಡಲು ಸರ್ಕಾರಕ್ಕೆ ಸಿಕ್ಕ ಅಧಿಕಾರ. ತಂದೆತಾಯಿಯ ಸಹವಾಸವೇ ಮಗುವನ್ನು ಕೆಡಿಸುತ್ತದೆ ಎಂಬುದು ಇದರ ಹಿಂದಿದ್ದ ನಂಬಿಕೆ.

ಮಕ್ಕಳ ಮನಸ್ಸಿನ ಅಧ್ಯಯನವು ಮುಂದೆ ಕಂಡುಕೊಂಡದ್ದು ಇದಕ್ಕೆ ತೀರ ವಿರುದ್ಧವಾಗಿದೆ. ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದು ಹೊಡೆತ, ನಿಂದನೆ, ಮನೆಯವರ ಸೆರೆವಾಸ ಮೊದಲಾದವನ್ನು ಬಾಲ್ಯದ ಪ್ರತಿಕೂಲ ಅನುಭವಗಳೆಂದು, ಅಂದರೆ ಬೆಳೆಯುವ ಜೀವವನ್ನು ಘಾಸಿಗೊಳಿಸುವ ಸಂಕಷ್ಟಗಳೆಂದು, ಗುರುತಿಸಿ, ಅವು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಕುಡಿತ, ಖಿನ್ನತೆಗಳ ಸಂಭವ ಹೆಚ್ಚುವುದನ್ನು ತೋರಿಸಿತು. ಹದಿಹರೆಯದ ಸಿಡುಕು, ಹೊಡೆದಾಟ, ಕಾನೂನುಭಂಗಗಳಿಗೂ ಇಂಥದೇ ನಂಟಿರುವುದನ್ನು ನಂತರದ ಸಂಶೋಧನೆಗಳು ಕಂಡಿವೆ. ನೊಂದ ಮಕ್ಕಳೆಲ್ಲ ದಾರಿ ತಪ್ಪುತ್ತಾರೆಂದು ಇದರ ಅರ್ಥವಲ್ಲ. ನಂಬಿಕೆಯ ಹಿರಿಯರೊಬ್ಬರ ಆಸರೆ ಆ ಪೆಟ್ಟನ್ನು ಬಹಳಮಟ್ಟಿಗೆ ತಡೆಯಬಲ್ಲದು. ಕಾಯ್ದೆ ಕಿತ್ತುಕೊಂಡದ್ದು ಆ ಆಸರೆಯನ್ನೇ. ಹಸಿವು, ಅಗಲಿಕೆ, ಅವಮಾನಗಳನ್ನು ತಾನೇ ಉಣಿಸಿ, ಅವುಗಳಿಂದ ಕೆರಳಿದ ತರುಣನ ನಡತೆಯನ್ನು ರಕ್ತದ ಗುಣವೆಂದು ದಾಖಲೆಗೆ ಏರಿಸಿದ ಆಡಳಿತವು ಘೋರ ಅನ್ಯಾಯವನ್ನೆಸಗಿತು.

ಮದ್ರಾಸು ಪ್ರಾಂತ್ಯವು 1947ರಲ್ಲಿಯೂ ದೇಶವು 1952ರ ಆಗಸ್ಟ್ 31ರಂದೂ ಕಾಯ್ದೆಯನ್ನು ರದ್ದುಮಾಡಿದವು. ಮರುವರ್ಷ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ್ದರಿಂದ ಒಂದೇ ಸಮುದಾಯ ಎರಡು ರಾಜ್ಯಗಳ ಪಾಲಾಯಿತು: ಇಂದು ಕರ್ನಾಟಕದಲ್ಲಿ ಕೊರಚರು ಪರಿಶಿಷ್ಟ ಜಾತಿ, ಗಡಿಯಾಚೆ ಎರುಕಲರು ಪರಿಶಿಷ್ಟ ಪಂಗಡ; ಆಂಧ್ರದ ಆ ಪಟ್ಟಿಯಲ್ಲಿ ‘ಉಪ್ಪು ಎರುಕಲ’ ಎಂಬ ಹೆಸರು ಈಗಲೂ ಇದೆ.