ಹಾಟ್ ರಾಡ್ ಕಾರುಗಳಲ್ಲಿ ಕೇಬಲ್‌ಗಳ ಉಷ್ಣರಕ್ಷಣೆ

ಹಾಟ್ ರಾಡ್ ಎಂಬುದು ಹಳೆಯ ಅಮೆರಿಕನ್ ಕಾರೊಂದಕ್ಕೆ ಹೆಚ್ಚು ಶಕ್ತಿಯ ಎಂಜಿನ್ ಅಳವಡಿಸಿ, ವೇಗಕ್ಕಾಗಿ ಮಾರ್ಪಡಿಸಿದ ವಾಹನವಾಗಿದೆ. ಇಂತಹ ಕಾರುಗಳಲ್ಲಿ ಎಂಜಿನ್ನಿನ ಬಿಸಿ ಹೊಗೆಯನ್ನು ಹೊರಸಾಗಿಸುವ ಎಕ್ಸಾಸ್ಟ್ ಕೊಳವೆಗಳು ವಿದ್ಯುತ್ ತಂತಿಗಳಿಗೂ ಆಕ್ಸಿಲರೇಟರ್, ಗೇರ್ ಮುಂತಾದವುಗಳ ನಿಯಂತ್ರಣ ಕೇಬಲ್‌ಗಳಿಗೂ ತೀರ ಸಮೀಪದಲ್ಲಿ ಹಾದುಹೋಗುತ್ತವೆ. ಆ ಶಾಖದಿಂದ ಕೇಬಲ್‌ಗಳ ಹೊದಿಕೆ ಕರಗದಂತೆ ಮತ್ತು ಒಳಗಿನ ತಂತಿ ಸಿಕ್ಕಿಕೊಳ್ಳದಂತೆ ತಡೆಯುವ ಕ್ರಮಗಳನ್ನು ಕೇಬಲ್‌ಗಳ ಉಷ್ಣರಕ್ಷಣೆ ಎನ್ನಲಾಗುತ್ತದೆ. ಕರಗಿದ ವಿದ್ಯುತ್ ತಂತಿಯಿಂದ ಕಾರಿಗೆ ಬೆಂಕಿ ಬೀಳಬಹುದು. ಸಿಕ್ಕಿಕೊಂಡ ಆಕ್ಸಿಲರೇಟರ್ ಕೇಬಲ್‌ನಿಂದ ಚಾಲಕ ಕಾಲು ತೆಗೆದರೂ ಕಾರು ವೇಗವಾಗಿ ಓಡುತ್ತಲೇ ಇರಬಹುದು.

ಹಿನ್ನೆಲೆ

ಹಾಟ್ ರಾಡ್ ಸಂಸ್ಕೃತಿಯು 1930ರ ದಶಕದಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಮ್ಯೂರಾಕ್‌ನಂತಹ ಒಣಗಿದ ಕೆರೆಯಂಗಳಗಳ ಮೇಲೆ ನಡೆಯುತ್ತಿದ್ದ ವೇಗದ ಓಟಗಳಿಂದ ಬೆಳೆಯಿತು. ಅಗ್ಗದ ಬೆಲೆಗೆ ವಿ8 ಎಂಜಿನ್ ನೀಡಿದ 1932ರ ಫೋರ್ಡ್ ಕಾರು ಈ ಹವ್ಯಾಸದ ಮಾದರಿ ವಾಹನವೆನಿಸಿತು. ಅದರ ಎಂಜಿನ್ ಗಾತ್ರ 221 ಘನ ಅಂಗುಲ (ಸುಮಾರು 3.6 ಲೀಟರ್), ಶಕ್ತಿ 65 ಅಶ್ವಶಕ್ತಿ. ಫ್ಲಾಟ್‌ಹೆಡ್ ಎಂದು ಹೆಸರಾದ ಈ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್‌ಗಳು ಸಿಲಿಂಡರ್ ಹೆಡ್ಡಿನ ಮೇಲ್ಭಾಗದಲ್ಲಿವೆ, ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಮುಂಭಾಗದಲ್ಲಿದೆ, ಹೊಗೆ ಹೊರಬೀಳುವ ದ್ವಾರಗಳು ಎರಡೂ ಪಕ್ಕಗಳಲ್ಲಿ ಕೆಳಗಿವೆ. ಹೀಗಾಗಿ ಪ್ಲಗ್ ತಂತಿಗಳಿಗೂ ಎಕ್ಸಾಸ್ಟ್‌ಗೂ ಸಹಜವಾಗಿಯೇ ಅಂತರವಿತ್ತು.

1955ರಲ್ಲಿ ಷೆವ್ರೊಲೆ ಸಂಸ್ಥೆ 265 ಘನ ಅಂಗುಲದ ಹೊಸ ವಿ8 ಎಂಜಿನ್ನನ್ನು ಹೊರತಂದಿತು. ಹಗುರವೂ ಅಗ್ಗವೂ ಆದ ಈ 'ಸ್ಮಾಲ್ ಬ್ಲಾಕ್' ಎಂಜಿನ್ ಬಹುಬೇಗ ಹಳೆಯ ಫೋರ್ಡ್ ಚಾಸಿಗಳೊಳಗೆ ಸೇರಿಕೊಂಡಿತು. ಇದರಲ್ಲಿ ಪ್ಲಗ್‌ಗಳು ಹೆಡ್ಡಿನ ಹೊರಪಕ್ಕದಲ್ಲಿ, ಎಕ್ಸಾಸ್ಟ್ ದ್ವಾರಗಳ ಪಕ್ಕದಲ್ಲೇ ಇವೆ, ಡಿಸ್ಟ್ರಿಬ್ಯೂಟರ್ ಹಿಂಭಾಗದಲ್ಲಿದೆ, ಸ್ಟಾರ್ಟರ್ ಮೋಟರ್ ಬಲಗಡೆ ಕೆಳಭಾಗದಲ್ಲಿ, ಹೊಗೆಕೊಳವೆಯ ಮಗ್ಗುಲಿಗೇ ಕುಳಿತಿದೆ. ಮೂಲ ಕಾರಿನಲ್ಲಿ ಇದಕ್ಕೆ ತಕ್ಕ ತಗಡಿನ ಮರೆಗಳೂ ಅಗಲವಾದ ಎಂಜಿನ್ ಕೋಣೆಯೂ ಇದ್ದವು. 1932ರ ಕಾರಿನ ಕಿರಿದಾದ ಚಾಸಿಯಲ್ಲಿ ಅವೆರಡೂ ಇಲ್ಲ. ಎರಕದ ಕಬ್ಬಿಣದ ಮ್ಯಾನಿಫೋಲ್ಡ್‌ಗೆ ಬದಲಾಗಿ ಹೆಡರ್ ಎಂಬ ತೆಳುವಾದ ಉಕ್ಕಿನ ಕೊಳವೆಗಳ ಗುಚ್ಛವನ್ನು ಜೋಡಿಸುವುದರಿಂದ ತೊಂದರೆ ಹೆಚ್ಚುತ್ತದೆ. ಅಂದಕ್ಕಾಗಿ ತಂತಿಗಳನ್ನು ಕಣ್ಣಿಗೆ ಬೀಳದ ಮೂಲೆಗಳಲ್ಲಿ ಸಾಗಿಸುವ ರೂಢಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಆ ಮೂಲೆಗಳು ಸಾಮಾನ್ಯವಾಗಿ ಗಾಳಿಯಾಡದ, ಅತ್ಯಂತ ಬಿಸಿಯಾದ ಜಾಗಗಳೇ ಆಗಿರುತ್ತವೆ.

ಶಾಖ ತಲುಪುವ ಬಗೆ

ಹೆಡರ್‌ನಿಂದ ಕೇಬಲ್‌ಗೆ ಶಾಖವು ವಹನ, ಸಂವಹನ ಮತ್ತು ವಿಕಿರಣ ಎಂಬ ಮೂರು ಬಗೆಗಳಲ್ಲೂ ತಲುಪುತ್ತದೆ. ಕೇಬಲ್ ಕೊಳವೆಗೆ ತಾಗದೆ ಅದರ ಸಮೀಪದಲ್ಲಿದ್ದಾಗ ವಿಕಿರಣದ ಪಾಲು ಮುಖ್ಯವಾಗುತ್ತದೆ. ಬಿಸಿ ಮೇಲ್ಮೈ ಸೂಸುವ ವಿಕಿರಣವು ಅದರ ನಿರಪೇಕ್ಷ ತಾಪಮಾನದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ 250 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಕೊಳವೆ 500 ಡಿಗ್ರಿಗೆ ಏರಿದರೆ ಅದು ಸೂಸುವ ಶಾಖ ಇಮ್ಮಡಿಯಲ್ಲ, ಸುಮಾರು ಐದು ಪಟ್ಟಾಗುತ್ತದೆ. ನಿಧಾನವಾಗಿ ಓಡಿಸಿದಾಗ ವರ್ಷಗಟ್ಟಲೆ ಸುರಕ್ಷಿತವಾಗಿದ್ದ ತಂತಿಯು ದೀರ್ಘವಾದ ಒಂದು ಏರುದಾರಿಯಲ್ಲಿ ಕರಗಿಹೋಗುವುದಕ್ಕೆ ಇದೇ ಕಾರಣ.

ಎಂಜಿನ್ ನಿಲ್ಲಿಸಿದ ಮೇಲಿನ ಕೆಲವು ನಿಮಿಷಗಳೂ ಅಪಾಯಕಾರಿಯೇ. ಆಗ ಫ್ಯಾನಿನ ಗಾಳಿಯಾಗಲಿ ಚಲನೆಯ ಗಾಳಿಯಾಗಲಿ ಇರುವುದಿಲ್ಲ. ಕೊಳವೆಗಳಲ್ಲಿ ಉಳಿದ ಶಾಖ ಸುತ್ತಲಿನ ಭಾಗಗಳಿಗೆ ಹರಡಿ, ಅವು ಓಡಾಟದ ಸಮಯಕ್ಕಿಂತ ಹೆಚ್ಚು ಬಿಸಿಯಾಗುತ್ತವೆ.

ವಿದ್ಯುತ್ ತಂತಿಗಳು

ಸಾಮಾನ್ಯ ಪಿವಿಸಿ ಹೊದಿಕೆಯ ವಾಹನ ತಂತಿಗಳು ಅವುಗಳ ದರ್ಜೆಗೆ ಅನುಗುಣವಾಗಿ 80ರಿಂದ 105 ಡಿಗ್ರಿಯವರೆಗೆ ಮಾತ್ರ ಬಾಳುತ್ತವೆ. ಅದಕ್ಕಿಂತ ಬಿಸಿಯಾದರೆ ಹೊದಿಕೆ ಮೆತ್ತಗಾಗಿ ಜಾರುತ್ತದೆ ಅಥವಾ ಒಣಗಿ ಬಿರುಕು ಬಿಡುತ್ತದೆ. ಅಡ್ಡಬಂಧಿತ ಪಾಲಿಥಿಲೀನ್ ಹೊದಿಕೆಯ ತಂತಿಗಳು 125 ಡಿಗ್ರಿಯವರೆಗೆ ತಾಳುತ್ತವೆ. ಇದರ ಅಣುಸರಪಳಿಗಳು ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಮಿತಿ ಮೀರಿದರೂ ಇದು ಮೇಣದಂತೆ ಕರಗಿ ಹರಿಯುವುದಿಲ್ಲ. ಸಿಲಿಕೋನ್ ಸುಮಾರು 200 ಡಿಗ್ರಿಯನ್ನೂ ಪಿಟಿಎಫ್‌ಇ 260 ಡಿಗ್ರಿಯನ್ನೂ ತಡೆಯಬಲ್ಲವು. ಆದರೆ ಸಿಲಿಕೋನ್ ಮೃದುವಾದ್ದರಿಂದ ಹರಿತವಾದ ಅಂಚಿಗೆ ತಾಗಿದರೆ ಸುಲಭವಾಗಿ ಕತ್ತರಿಸಿಹೋಗುತ್ತದೆ. ಹಳೆಯ ಕಾರಿನ ನೋಟಕ್ಕಾಗಿ ಬಳಸುವ ಹತ್ತಿಯ ನೇಯ್ಗೆಯ ತಂತಿಗಳು ಶಾಖವನ್ನು ತಡೆಯುತ್ತವೆಂಬ ನಂಬಿಕೆ ಸರಿಯಲ್ಲ. ಅವುಗಳ ಮಿತಿಯನ್ನು ನಿರ್ಧರಿಸುವುದು ನೇಯ್ಗೆಯ ಒಳಗಿರುವ ಪ್ಲಾಸ್ಟಿಕ್ಕೇ.

ಹಾಟ್ ರಾಡ್‌ಗಳಲ್ಲಿ ಸ್ಥಳಾಭಾವದಿಂದ ಬ್ಯಾಟರಿಯನ್ನು ಹಿಂದಿನ ಡಿಕ್ಕಿಯಲ್ಲಿ ಇಡುವುದು ಸಾಮಾನ್ಯ. ಅಲ್ಲಿಂದ ಸ್ಟಾರ್ಟರ್‌ವರೆಗೆ ಬರುವ ದಪ್ಪ ಕೇಬಲ್ ಕಾರಿನ ಅಡಿಯಲ್ಲಿ ಹೊಗೆಕೊಳವೆಯ ಜೊತೆಜೊತೆಗೇ ಸಾಗುತ್ತದೆ. ಅದರ ಹೊದಿಕೆ ಒಂದೇ ಒಂದು ಕಡೆ ಕರಗಿ ತಾಮ್ರವು ಚಾಸಿಗೆ ತಾಗಿದರೂ ಬ್ಯಾಟರಿಯ ಪೂರ್ಣ ವಿದ್ಯುತ್ತು ಅಲ್ಲಿ ಹರಿದು ಕೇಬಲ್ ಕೆಂಪಗೆ ಕಾಯುತ್ತದೆ. ಸ್ಟಾರ್ಟರ್‌ನ ಭಾರೀ ವಿದ್ಯುತ್ತಿಗೆ ಅಡ್ಡಿಯಾಗುತ್ತದೆಂದು ಈ ಕೇಬಲ್‌ಗೆ ಫ್ಯೂಸ್ ಹಾಕದೆ ಬಿಡುವುದು ರೂಢಿಯಾಗಿರುವುದರಿಂದ, ಎಲ್ಲಕ್ಕಿಂತ ಮೊದಲು ಗಮನಿಸಬೇಕಾದ ತಂತಿ ಇದು. ಇದನ್ನು ಚಾಸಿಯ ಇನ್ನೊಂದು ಪಕ್ಕದಲ್ಲಿ ಸಾಗಿಸಿ, ಬ್ಯಾಟರಿಯ ಬಳಿ ತಕ್ಕ ಸಾಮರ್ಥ್ಯದ ಫ್ಯೂಸನ್ನೂ ಸಂಪರ್ಕ ಕಡಿಯುವ ಸ್ವಿಚ್ಚನ್ನೂ ಅಳವಡಿಸುವುದು ಉತ್ತಮ.

ಬಿಸಿಯಾದ ಕಾರು ಮತ್ತೆ ಸ್ಟಾರ್ಟ್ ಆಗದಿರುವುದು ಇನ್ನೊಂದು ಪರಿಚಿತ ದೂರು. ತಾಮ್ರದ ವಿದ್ಯುತ್ ರೋಧವು ಪ್ರತಿ ಡಿಗ್ರಿಗೆ ಸುಮಾರು ಶೇಕಡ 0.39ರಷ್ಟು ಏರುತ್ತದೆ, 20ರಿಂದ 120 ಡಿಗ್ರಿಗೆ ಕಾದ ಸುರುಳಿಯ ರೋಧ ಶೇಕಡ 39ರಷ್ಟು ಹೆಚ್ಚಾಗುತ್ತದೆ. ಸ್ಟಾರ್ಟರ್ ಮೇಲಿನ ಸೊಲೆನಾಯ್ಡ್ ಆಗ ತನ್ನ ಕೊಂಡಿಯನ್ನು ಎಳೆಯಲಾರದೆ 'ಟಿಕ್' ಎಂಬ ಸದ್ದಷ್ಟೇ ಮಾಡುತ್ತದೆ. ಫೋರ್ಡ್ ಕಾರುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ, ಎಂಜಿನ್ನಿನಿಂದ ದೂರದಲ್ಲಿ ಕೂರಿಸುವ ರಿಲೇಯನ್ನು ಷೆವ್ರೊಲೆ ಎಂಜಿನ್ನಿಗೂ ಜೋಡಿಸುವುದು ಹವ್ಯಾಸಿಗಳ ಹಳೆಯ ಉಪಾಯವಾಗಿದೆ.

ನಿಯಂತ್ರಣ ಕೇಬಲ್‌ಗಳು

ಆಕ್ಸಿಲರೇಟರ್, ಕ್ಲಚ್, ಹ್ಯಾಂಡ್ ಬ್ರೇಕ್ ಮತ್ತು ಗೇರ್ ಕೇಬಲ್‌ಗಳಲ್ಲಿ ಉಕ್ಕಿನ ಒಳತಂತಿಯು ಒಂದು ಕವಚದೊಳಗೆ ಜಾರುತ್ತದೆ. ಉಕ್ಕಿಗೆ ಈ ಶಾಖದಿಂದ ಏನೂ ಆಗದು. ಹಾಳಾಗುವುದು ಕವಚದ ಒಳಮೈಗೆ ಹಾಕಿದ ಪ್ಲಾಸ್ಟಿಕ್ ಪದರ. ಪಾಲಿಥಿಲೀನ್ ಪದರವು ಸುಮಾರು 130 ಡಿಗ್ರಿಯಲ್ಲೇ ಕರಗುತ್ತದೆ, ಮತ್ತು ತಣ್ಣಗಾದಾಗ ತಂತಿಗೆ ಅಂಟಿಕೊಳ್ಳುತ್ತದೆ. ಹಾಕಿದ ಎಣ್ಣೆಯೂ ಒಣಗಿ ಗೋಂದಿನಂತಾಗುತ್ತದೆ. ಹೊರಗಿನಿಂದ ನೋಡಿದರೆ ಕೇಬಲ್ ಹೊಸದರಂತೆಯೇ ಕಾಣಬಹುದು.

ಆಕ್ಸಿಲರೇಟರ್ ಕೇಬಲ್ ಹೀಗೆ ಅಂಟಿಕೊಂಡರೆ ಕಾರ್ಬ್ಯುರೇಟರ್‌ನ ಸ್ಪ್ರಿಂಗ್‌ಗಳು ಥ್ರಾಟಲನ್ನು ಹಿಂದಕ್ಕೆ ಎಳೆಯಲು ಅಸಮರ್ಥವಾಗುತ್ತವೆ. ಎರಡು ಸ್ಪ್ರಿಂಗ್ ಹಾಕುವುದು ಒಳ್ಳೆಯ ಅಭ್ಯಾಸವಾದರೂ, ಅದು ಮುರಿದ ಸ್ಪ್ರಿಂಗ್‌ಗೆ ಪರಿಹಾರವೇ ಹೊರತು ಕರಗಿದ ಕವಚಕ್ಕಲ್ಲ. ಆದ್ದರಿಂದ ಕೆಲವರು ಕೇಬಲ್ ಬಿಟ್ಟು ಉಕ್ಕಿನ ಸರಳುಗಳ ಜೋಡಣೆಯನ್ನೇ ಬಳಸುತ್ತಾರೆ. ಜನರಲ್ ಮೋಟರ್ಸ್‌ನ 700ಆರ್4 ಎಂಬ ಸ್ವಯಂಚಾಲಿತ ಗೇರ್‌ಬಾಕ್ಸ್ ಅಳವಡಿಸಿದ ಕಾರುಗಳಲ್ಲಿ ಇನ್ನೊಂದು ಕೇಬಲ್ ಕಾರ್ಬ್ಯುರೇಟರ್‌ನಿಂದ ಗೇರ್‌ಬಾಕ್ಸ್‌ಗೆ ಇಳಿಯುತ್ತದೆ. ಒಳಗಿನ ಎಣ್ಣೆಯ ಒತ್ತಡವನ್ನು ನಿರ್ಧರಿಸುವುದು ಅದೇ. ಶಾಖದಿಂದ ಅದು ಸರಿಯಾಗಿ ಜಾರದಿದ್ದರೆ ಒತ್ತಡ ಸಾಲದೆ ಗೇರ್‌ಬಾಕ್ಸಿನ ಕ್ಲಚ್ ಫಲಕಗಳು ಸುಟ್ಟುಹೋಗುತ್ತವೆ.

ರಕ್ಷಣಾ ಕ್ರಮಗಳು

ಮಾರುಕಟ್ಟೆಯಲ್ಲಿ ದೊರೆಯುವ ಶಾಖನಿರೋಧಕ ತೋಳುಗಳೇ ಮೊದಲ ಉಪಾಯವೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಅವು ಕೊನೆಯ ಉಪಾಯ. ಮೊದಲನೆಯದು ದೂರ. ಕೇಬಲ್‌ನ ದಾರಿಯನ್ನು ಬದಲಿಸಿ, ಅದು ಸಡಿಲಗೊಂಡು ಕೊಳವೆಯ ಮೇಲೆ ಜೋತುಬೀಳದಂತೆ ಲೋಹದ ಕ್ಲ್ಯಾಂಪ್‌ಗಳಿಂದ ಬಿಗಿಯಬೇಕು. ಪ್ಲಾಸ್ಟಿಕ್ ಟೈಗಳು ಕೇಬಲ್‌ಗಿಂತ ಮೊದಲೇ ಸೋತು ಕಳಚುತ್ತವೆ.

ದೂರ ಸಾಧ್ಯವಾಗದಲ್ಲಿ ಕೊಳವೆ ಮತ್ತು ಕೇಬಲ್‌ಗಳ ನಡುವೆ ತಗಡಿನ ಮರೆಯನ್ನು ನಿಲ್ಲಿಸಲಾಗುತ್ತದೆ. ಮರೆಯ ಎರಡೂ ಬದಿಗಳಲ್ಲಿ ಗಾಳಿ ಹರಿಯುವಷ್ಟು ತೆರವಿರುವುದು ಮುಖ್ಯ. ಕೊಳವೆಗೆ ಅಂಟಿಸಿದ ತಗಡು ತಾನೇ ಬಿಸಿಯಾಗಿ ಇನ್ನೊಂದು ಕೊಳವೆಯಂತಾಗುತ್ತದೆ. ಹೊಳಪಿನ ಅಲ್ಯೂಮಿನಿಯಂ ತನ್ನ ಮೇಲೆ ಬಿದ್ದ ವಿಕಿರಣದ ಹೆಚ್ಚಿನ ಭಾಗವನ್ನು ಹಿಂದಕ್ಕೆ ಕಳುಹಿಸುತ್ತದೆ, ಆದರೆ ಎಣ್ಣೆ ಮತ್ತು ಮಸಿ ಮೆತ್ತಿದಂತೆ ಆ ಗುಣ ಕುಂದುತ್ತದೆ.

ತೋಳುಗಳಲ್ಲಿ ಎರಡು ಬಗೆ. ಅಲ್ಯೂಮಿನಿಯಂ ಹಾಳೆ ಮೆತ್ತಿದ ಗಾಜಿನ ನಾರಿನ ತೋಳು ವಿಕಿರಣವನ್ನು ಪ್ರತಿಫಲಿಸುತ್ತದೆ. ಅದು ಕೊಳವೆಗೆ ತಾಗಿದರೆ ಪ್ರಯೋಜನವಿಲ್ಲ. ಸಿಲಿಕೋನ್ ಲೇಪಿಸಿದ ದಪ್ಪ ಗಾಜಿನ ನಾರಿನ ತೋಳು ಸುಮಾರು 260 ಡಿಗ್ರಿಯನ್ನು ನಿರಂತರವಾಗಿ ತಾಳುತ್ತದೆ ಮತ್ತು ಎಣ್ಣೆಯನ್ನು ಹೀರುವುದಿಲ್ಲ. ಆದರೆ ಯಾವ ನಿರೋಧಕವೂ ಶಾಖವನ್ನು ಅಳಿಸಲಾರದು, ತಡಮಾಡಬಲ್ಲದು ಅಷ್ಟೆ. ಗಾಳಿಯ ತಂಪು ಸಿಗದ ಜಾಗದಲ್ಲಿ ಗಂಟೆಗಟ್ಟಲೆ ಓಡಿದ ಮೇಲೆ ತೋಳಿನ ಒಳಗಿನ ತಂತಿಯೂ ಹೊರಗಿನಷ್ಟೇ ಬಿಸಿಯಾಗುತ್ತದೆ. ಪ್ಲಗ್ ತಂತಿಯ ತುದಿಗಳಿಗೆ ಇಂತಹ ತೋಳುಗಳಲ್ಲದೆ ಪಿಂಗಾಣಿಯ ಟೋಪಿಗಳೂ ಬಳಕೆಯಲ್ಲಿವೆ.

ಕೇಬಲನ್ನು ಬಿಟ್ಟು ಹೆಡರನ್ನೇ ಗಾಜಿನ ನಾರಿನ ಪಟ್ಟಿಯಿಂದ ಸುತ್ತುವ ಪದ್ಧತಿಯೂ ಇದೆ. ಇದು ಪರಿಣಾಮಕಾರಿಯೇ, ಆದರೆ ಕೊಳವೆಯ ಉಕ್ಕು ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ, ಪಟ್ಟಿಯೊಳಗೆ ತೇವ ನಿಂತು ಸಾಧಾರಣ ಉಕ್ಕು ತುಕ್ಕು ಹಿಡಿಯುತ್ತದೆ. ಎಣ್ಣೆ ನೆನೆದ ಪಟ್ಟಿ ಹೊತ್ತಿಕೊಳ್ಳಲೂಬಹುದು. ಪಿಂಗಾಣಿ ಲೇಪನಕ್ಕೆ ಈ ದೋಷಗಳಿಲ್ಲ, ಬೆಲೆ ಹೆಚ್ಚು. ಹಳೆಯ ಕಾರುಗಳಲ್ಲಿ ಸಿಗುವ ಮೂಲ ಸುತ್ತುಪಟ್ಟಿಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಅವುಗಳನ್ನು ಒಣಗಿದ ಸ್ಥಿತಿಯಲ್ಲಿ ಕೆರೆದು ತೆಗೆಯಬಾರದು.

ಪರಿಶೀಲನೆ

ಕಾರು ದೀರ್ಘವಾಗಿ ಓಡಿ ನಿಂತ ನಂತರ, ಎಂಜಿನ್ ಆರಿಸಿದ ಹತ್ತು ಹದಿನೈದು ನಿಮಿಷಗಳಲ್ಲಿ ಕೇಬಲ್‌ಗಳ ತಾಪಮಾನವನ್ನು ಅಳೆಯುವುದು ಸೂಕ್ತ. ಅವಕೆಂಪು ತಾಪಮಾಪಕವು ಹೊಳೆಯುವ ಲೋಹದ ಮೇಲೆ ನಿಜಕ್ಕಿಂತ ತೀರ ಕಡಿಮೆ ಅಂಕಿಯನ್ನು ತೋರಿಸುತ್ತದೆ. ಆದ್ದರಿಂದ ಕ್ರೋಮ್ ಹೆಡರ್ ಅಥವಾ ಅಲ್ಯೂಮಿನಿಯಂ ತೋಳಿನ ಮೇಲೆ ಮಂಕಾದ ಕಪ್ಪು ಬಣ್ಣದ ಒಂದು ಚುಕ್ಕೆಯನ್ನು ಬಳಿದು ಅದರ ಮೇಲೆ ಅಳೆಯಲಾಗುತ್ತದೆ. ಆಕ್ಸಿಲರೇಟರ್ ಕೇಬಲನ್ನು ಕಾರು ಬಿಸಿಯಾಗಿದ್ದಾಗ ಒಮ್ಮೆ, ಪೂರ್ತಿ ತಣ್ಣಗಾದಾಗ ಇನ್ನೊಮ್ಮೆ ಕೈಯಿಂದ ಎಳೆದು ನೋಡಬೇಕು. ಕರಗಿದ ಪದರವು ಬಿಸಿಯಲ್ಲಿ ಸುಲಭವಾಗಿ ಜಾರಿ, ತಣಿದ ಮೇಲಷ್ಟೇ ಹಿಡಿದುಕೊಳ್ಳುವುದುಂಟು.